‘ಪೀಸ್ ಸರಿ ಇರ್ಲಿಲ್ಲ ಸಾರ್’: ಹೊಸ ಸಾಮಾನು ಬೇಗ ಕೆಡೋದು ಯಾಕೆ, ಅದನ್ನು ಫ್ಯಾಕ್ಟರಿಯಲ್ಲೇ ಹಿಡಿಯೋದು ಹೇಗೆ

ತಿಪಟೂರಿನ ಹತ್ತಿರ ನಮ್ಮ ಚಿಕ್ಕಪ್ಪನ ತೆಂಗಿನ ತೋಟವಿದೆ. ಬೋರ್‌ವೆಲ್ ಪಕ್ಕದ ಕಲ್ಲುಕಂಬಕ್ಕೆ ಒಂದು ತಗಡಿನ ಪೆಟ್ಟಿಗೆ ಕಟ್ಟಿದ್ದಾರೆ. ಒಳಗೆ ಪಂಪಿನ ಸ್ಟಾರ್ಟರ್, ಅದರ ಪಕ್ಕ ಅಂಗೈಯಗಲದ ಮೊಬೈಲ್ ಸ್ಟಾರ್ಟರ್. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ಹಾಸಿಗೆಯಿಂದ ಏಳಬೇಕಿಲ್ಲ, ಒಂದು ಕಾಲ್ ಕೊಟ್ಟರೆ ಮೋಟಾರ್ ಓಡುತ್ತದೆ.

ಮೊದಲು ತಂದದ್ದು ಮೂರೇ ವಾರಕ್ಕೆ ಕೈಕೊಟ್ಟಿತು. ಅಂಗಡಿಯವರು ತಕರಾರು ಮಾಡಲಿಲ್ಲ. ‘ಪೀಸ್ ಸರಿ ಇರ್ಲಿಲ್ಲ ಸಾರ್, ಬೇರೆ ತಗೊಂಡ್ಹೋಗಿ’ ಅಂದರು. ಆ ಬೇರೆ ಪೀಸ್ ಈಗ ನಾಲ್ಕನೇ ಬೇಸಿಗೆ ನೋಡುತ್ತಿದೆ. ಅದೇ ಕಂಪನಿ, ಅದೇ ಮಾಡೆಲ್, ಅದೇ ತಗಡಿನ ಪೆಟ್ಟಿಗೆ. ಒಳಗೆ ಸೇರಿಕೊಂಡ ಹಲ್ಲಿಗಳೂ ಬಹುಶಃ ಅವೇ.

‘ಪೀಸ್ ಸರಿ ಇರ್ಲಿಲ್ಲ’ ಅನ್ನೋದು ನುಣುಚಿಕೊಳ್ಳುವ ಮಾತಿನಂತೆ ಕೇಳಿಸುತ್ತದೆ. ಆದರೆ ಎಂಜಿನಿಯರುಗಳ ಕಣ್ಣಲ್ಲಿ ಅದು ಸರಿಯಾದ ಮಾತೇ. ಒಂದೇ ನಕ್ಷೆ ನೋಡಿ ಮಾಡಿದ ಸಾವಿರ ಪೀಸ್‌ಗಳಲ್ಲಿ ಕೆಲವಕ್ಕೆ ಹುಟ್ಟಿನಲ್ಲೇ ಒಂದು ದೌರ್ಬಲ್ಯ ಇರುತ್ತದೆ. ಹೊರಗೆ ಕಾಣುವುದಿಲ್ಲ, ಮೀಟರ್ ಹಿಡಿದರೂ ಸಿಗುವುದಿಲ್ಲ. ಗಿರಾಕಿಯ ಕೈ ಸೇರುವ ಮೊದಲೇ ಅಂಥವನ್ನು ಹೊರಗೆಳೆಯಲು ಒಂದು ದಾರಿ ಇದೆ. ಸಾಮಾನನ್ನು ಬೇಕಂತಲೇ ಬಿಸಿಗೆ, ಚಳಿಗೆ, ಕುಲುಕಾಟಕ್ಕೆ ಒಡ್ಡುವುದು. ಇದಕ್ಕೆ ಎನ್ವಿರಾನ್‌ಮೆಂಟಲ್ ಸ್ಟ್ರೆಸ್ ಸ್ಕ್ರೀನಿಂಗ್ ಎಂಬ ಉದ್ದದ ಹೆಸರಿದೆ. ಕೆಲಸ ಮಾಡುವವರು ಚಿಕ್ಕದಾಗಿ ಇಎಸ್‌ಎಸ್ ಅನ್ನುತ್ತಾರೆ.

‘ಫೀಲ್ಡ್’ ಅಂದರೆ ಈಗ ನಿಜವಾಗಲೂ ಹೊಲ

ಸಾಮಾನು ಫ್ಯಾಕ್ಟರಿ ದಾಟಿ ಬಳಸುವವರ ಕೈಗೆ ಹೋದರೆ ಎಂಜಿನಿಯರುಗಳ ಮಾತಿನಲ್ಲಿ ಅದು ‘ಫೀಲ್ಡ್‌ಗೆ ಹೋಯಿತು’. ಹಿಂದೆ ಈ ಮಾತು ಹೆಚ್ಚಾಗಿ ಸೈನ್ಯಕ್ಕೆ, ವಿಮಾನಕ್ಕೆ, ರೈಲಿಗೆ ಸಂಬಂಧಿಸಿದ್ದು. ನಮ್ಮ ಮನೆಯ ಎಲೆಕ್ಟ್ರಾನಿಕ್ಸ್ ಅಂದರೆ ಟೇಬಲ್ ಮೇಲಿನ ರೇಡಿಯೊ, ಬಟ್ಟೆ ಹೊದಿಸಿಟ್ಟ ಟೀವಿ. ಅವಕ್ಕೆ ಬಿಸಿಲೂ ಇಲ್ಲ, ಮಳೆಯೂ ಇಲ್ಲ.

ಈಗ ನೋಡಿ. ಕರೆಂಟ್ ಮೀಟರ್ ಒಳಗೆ ಸರ್ಕ್ಯೂಟ್ ಬೋರ್ಡ್ ಬಂದಿದೆ. ಎಲೆಕ್ಟ್ರಿಕ್ ಸ್ಕೂಟರ್‌ನ ಕಂಟ್ರೋಲರ್ ಹಂಪ್ ಮೇಲೆ ಹಾರುತ್ತದೆ, ನಿಂತ ನೀರಿನಲ್ಲಿ ಮುಳುಗಿ ಏಳುತ್ತದೆ. ಸೋಲಾರ್ ಪಂಪಿನ ಪೆಟ್ಟಿಗೆ ಹೊಲದ ಬದುವಿನಲ್ಲಿ ನಿಂತಿದೆ, ಸಿಸಿ ಕ್ಯಾಮೆರಾ ಅಡಿಕೆ ತೋಟ ಕಾಯುತ್ತಿದೆ. ಏಪ್ರಿಲ್ ಬಿಸಿಲಿಗೆ ಮುಚ್ಚಿದ ತಗಡಿನ ಪೆಟ್ಟಿಗೆಯ ಒಳಗೆ ಹೊರಗಿಗಿಂತ ತುಂಬಾ ಜಾಸ್ತಿ ಕಾವು. ಮುಟ್ಟಿದವರಿಗೆ ಹೇಳಬೇಕಾಗಿಲ್ಲ.

ಸ್ನಾನದ ತೊಟ್ಟಿಯ ಗೆರೆ

ಒಂದೇ ಮಾಡೆಲ್‌ನ ಹತ್ತು ಸಾವಿರ ಪೀಸ್ ಮಾರಾಟವಾದವು ಎಂದುಕೊಳ್ಳಿ. ಯಾವ ತಿಂಗಳು ಎಷ್ಟು ಕೆಟ್ಟವು ಎಂದು ಗೆರೆ ಎಳೆದರೆ ಅದು ಸಾಮಾನ್ಯವಾಗಿ ಸ್ನಾನದ ತೊಟ್ಟಿಯಂತೆ ಬರುತ್ತದೆ. ಎಡಗಡೆ ಎತ್ತರ, ನಡುವೆ ಚಪ್ಪಟೆ, ಬಲಗಡೆ ಮತ್ತೆ ಎತ್ತರ. ಅದಕ್ಕೇ ಇದರ ಹೆಸರು ಬಾತ್‌ಟಬ್ ಕರ್ವ್.

ಬಲಗಡೆಯ ಏರು ಮುಪ್ಪು, ಬಿಡಿಭಾಗಗಳು ಸವೆದು ಸಾಯುವ ಕಾಲ. ನಡುವಿನ ಚಪ್ಪಟೆ ಭಾಗದಲ್ಲಿ ಕೆಡುವುದು ಗ್ರಹಚಾರದ ಲೆಕ್ಕ: ಸಿಡಿಲು ಹೊಡೆಯಿತು, ವೋಲ್ಟೇಜ್ ಏರಿತು, ಇರುವೆ ಗೂಡು ಕಟ್ಟಿತು. ನಮಗೆ ಬೇಕಾದ್ದು ಎಡಗಡೆಯ ಏರು. ಕೊಂಡ ಮೊದಲ ಕೆಲವು ವಾರ, ತಿಂಗಳುಗಳಲ್ಲೇ ಕೆಡುವವು ಇವು. ಕಾರಣ ಹೆಚ್ಚಾಗಿ ಕೈತಪ್ಪು: ಸರಿಯಾಗಿ ಹಿಡಿಯದ ಬೆಸುಗೆ, ಪೂರ್ತಿ ಕೂರದ ಕನೆಕ್ಟರ್, ಸಡಿಲ ಸ್ಕ್ರೂ, ಸಣ್ಣ ಬಿರುಕಿರುವ ಚಿಪ್. ಚಿಕ್ಕಪ್ಪನ ಮೊದಲ ಪೀಸ್ ಈ ಗುಂಪಿನದು.

ಇಎಸ್‌ಎಸ್ ಮಾಡುವುದು ಇಷ್ಟೇ. ತೊಟ್ಟಿಯ ಎಡಗೋಡೆಯನ್ನು ಫ್ಯಾಕ್ಟರಿಯ ಒಳಗೇ ದಾಟಿಸಿಬಿಡುತ್ತದೆ. ಹೇಗಿದ್ದರೂ ಬೇಗ ಸಾಯುವ ಪೀಸ್ ನಮ್ಮಲ್ಲೇ ಸಾಯಲಿ, ಗಿರಾಕಿಯ ಹತ್ತಿರ ಬೇಡ ಎನ್ನುವ ಲೆಕ್ಕ.

ಇಲ್ಲಿ ತುಂಬಾ ಜನ ಒಂದು ತಪ್ಪು ತಿಳಿಯುತ್ತಾರೆ. ಹೀಗೆ ಕಾಯಿಸಿ ಕುಲುಕಿದರೆ ಸಾಮಾನು ಪಳಗಿ ಗಟ್ಟಿಯಾಗುತ್ತದೆ ಅಂತ. ಇಲ್ಲ, ಗರಡಿಯಲ್ಲಿ ಸಾಮು ಮಾಡಿದ ಪೈಲ್ವಾನನ ಹಾಗೆ ಸರ್ಕ್ಯೂಟ್ ಬೋರ್ಡ್ ಗಟ್ಟಿಯಾಗುವುದಿಲ್ಲ. ಒಳ್ಳೆಯ ಪೀಸ್‌ಗೂ ತುಸು ಆಯಸ್ಸು ಖರ್ಚಾಗುತ್ತದೆ. ಅದಕ್ಕೆ ಬದಲಾಗಿ ಕೆಟ್ಟ ಪೀಸ್ ಸಿಕ್ಕಿಬೀಳುತ್ತದೆ.

ಅನ್ನದ ಅಗುಳು, ಅಕ್ಕಿಯ ಕಲ್ಲು

ಕಂಪನಿಗಳು ಎರಡು ಬೇರೆ ಬೇರೆ ಕೆಲಸಕ್ಕೆ ಬಿಸಿ-ಚಳಿಯ ಪರೀಕ್ಷೆ ಮಾಡುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ.

ಅನ್ನ ಬೆಂದಿದೆಯಾ ನೋಡಲು ಇಡೀ ಪಾತ್ರೆ ಹಿಚುಕುವುದಿಲ್ಲ, ಒಂದು ಅಗುಳು ಒತ್ತಿ ನೋಡಿದರೆ ಸಾಕು. ನಕ್ಷೆಯ ಪರೀಕ್ಷೆ ಹೀಗೆ. ನಾಲ್ಕೈದು ಪೀಸ್ ತೆಗೆದು ಚೆನ್ನಾಗಿ ದಂಡಿಸಿ ನೋಡುತ್ತಾರೆ. ಅವು ತಾಳಿದರೆ ‘ಈ ಡಿಸೈನ್ ಈ ಹವೆಗೆ ಆಗುತ್ತದೆ’ ಎಂದು ಮುದ್ರೆ. ಪರೀಕ್ಷೆಗೆ ಹೋದ ಪೀಸ್‌ಗಳನ್ನು ಆಮೇಲೆ ಸಾಮಾನ್ಯವಾಗಿ ಮಾರುವುದಿಲ್ಲ.

ಆದರೆ ಅಕ್ಕಿಯಲ್ಲಿ ಕಲ್ಲಿದೆಯಾ ನೋಡಲು ಒಂದು ಕಾಳು ಮುಟ್ಟಿದರೆ ಆಗುತ್ತದಾ? ಮೊರಕ್ಕೆ ಸುರಿದು ಪೂರ್ತಿ ಆರಿಸಬೇಕು. ಸ್ಕ್ರೀನಿಂಗ್ ಅಂದರೆ ಇದು. ಮಾರಾಟಕ್ಕೆ ಹೋಗುವ ಒಂದೊಂದು ಪೀಸೂ ಮೊರದ ಮೇಲೆ ಬರಬೇಕು. ಬೆಂದ ಅನ್ನದಲ್ಲೂ ಕಲ್ಲು ಸಿಗುತ್ತದೆ. ‘ನಮ್ಮ ಪ್ರಾಡಕ್ಟ್ ಎಲ್ಲಾ ಟೆಸ್ಟ್ ಪಾಸಾಗಿದೆ’ ಎಂಬ ಮಾತೂ, ನಿಮ್ಮ ಕೈಗೆ ಬಂದದ್ದು ಮೂರು ವಾರಕ್ಕೆ ಕೆಟ್ಟದ್ದೂ ಎರಡೂ ನಿಜವಿರಬಹುದು. ಅವರು ಅಗುಳು ಒತ್ತಿ ನೋಡಿದ್ದರು. ನಿಮಗೆ ಕಲ್ಲು ಸಿಕ್ಕಿತು.

ಬಿಸಿ ಮಾಡಿ, ತಣಿಸಿ, ಮತ್ತೆ ಬಿಸಿ ಮಾಡಿ

ಸತ್ತ ಆ ಸ್ಟಾರ್ಟರನ್ನು ಅಂಗಡಿಯವರು ವಾಪಸ್ ಕೇಳಲಿಲ್ಲ. ನಾನು ಬೆಂಗಳೂರಿಗೆ ತಂದು, ಎಸ್.ಪಿ. ರೋಡ್ ಬಳಿ ರಿಪೇರಿ ಮಾಡುವ ಗೆಳೆಯನಿಗೆ ಕೊಟ್ಟೆ. ಅವನು ಮುಚ್ಚಳ ಬಿಚ್ಚಿ, ಬೋರ್ಡನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡ. ಎರಡು ನಿಮಿಷವೂ ಆಗಲಿಲ್ಲ. ‘ನೋಡು, ಡ್ರೈ ಸೋಲ್ಡರ್.’

ಲೆನ್ಸಿನಲ್ಲಿ ಕಂಡದ್ದು ರಿಲೇಯ, ಅಂದರೆ ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್ಚಿನ, ಒಂದು ಕಾಲು. ಅದರ ಸುತ್ತ ಬೆಸುಗೆ ಹೊಳೆಯುವ ಗುಡ್ಡೆಯಂತೆ ಇರಬೇಕಿತ್ತು. ಇದ್ದದ್ದು ಮಂಕು ಬೂದಿ ಬಣ್ಣದ ಸಣ್ಣ ದಿಬ್ಬ, ಕಾಲಿನ ಸುತ್ತ ಕೂದಲೆಳೆಯಂಥ ಕರಿ ಉಂಗುರ. ಆ ಉಂಗುರವೇ ಬಿರುಕು. ಕಾಲು ಬೆಸುಗೆಗೆ ತಾಗಿಕೊಂಡಿತ್ತೇ ಹೊರತು ಕಚ್ಚಿಕೊಂಡಿರಲಿಲ್ಲ. ಬೆರಳಿನಿಂದ ಒತ್ತಿದರೆ ಕೆಲಸ ಮಾಡುತ್ತದೆ, ಬಿಟ್ಟರೆ ನಿಲ್ಲುತ್ತದೆ.

ಇಂಥ ಬೆಸುಗೆ ಫ್ಯಾಕ್ಟರಿಯ ಮೇಜಿನ ಮೇಲೆ ಪಾಸಾಗಿರುತ್ತದೆ. ಅಲ್ಲಿ ಕರೆಂಟ್ ಹರಿಯುತ್ತದೆ, ದೀಪ ಹತ್ತುತ್ತದೆ. ತೋಟಕ್ಕೆ ಬಂದ ಮೇಲೆ ಬಿಚ್ಚಿಕೊಂಡದ್ದು ಯಾಕೆ?

ಬಿಸಿಯಾದರೆ ವಸ್ತು ಹಿಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಎಲ್ಲವೂ ಒಂದೇ ಸಮ ಹಿಗ್ಗುವುದಿಲ್ಲ. ಒಂದು ಡಿಗ್ರಿ ಏರಿದರೆ ಹಸಿರು ಬೋರ್ಡು ತನ್ನ ಉದ್ದದ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 14ರಿಂದ 17 ಪಾಲು ಹಿಗ್ಗುತ್ತದೆ. ಅದರ ಮೇಲಿನ ಸೆರಾಮಿಕ್ ಬಿಡಿಭಾಗ 6-7 ಪಾಲು. ಚಿಪ್ಪಿನೊಳಗಿನ ಸಿಲಿಕಾನ್ 3 ಪಾಲಿಗಿಂತ ಕಡಿಮೆ. ಒಂದು ಸೆಂಟಿಮೀಟರ್ ಉದ್ದದ ಸೆರಾಮಿಕ್ ಭಾಗವನ್ನು 100 ಡಿಗ್ರಿ ಏರಿಳಿಸಿದರೆ, ಅದಕ್ಕೂ ಬೋರ್ಡಿಗೂ ನಡುವೆ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ವ್ಯತ್ಯಾಸ ಬರುತ್ತದೆ. ಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಆದರೆ ಆ ಎಳೆದಾಟವನ್ನೆಲ್ಲ ನುಂಗಬೇಕಾದದ್ದು ನಡುವಿನ ಪುಟ್ಟ ಬೆಸುಗೆ.

ಇಕ್ಕಳ ಇಲ್ಲದೆ ತಂತಿ ತುಂಡು ಮಾಡುವುದು ಹೇಗೆ? ಒಂದೇ ಕಡೆ ಆಚೆ ಈಚೆ ಬಗ್ಗಿಸುತ್ತೇವೆ. ಐದಾರು ಸಲಕ್ಕೆ ಟಕ್ ಅಂತ ಮುರಿಯುತ್ತದೆ. ಹಗಲು ಬಿಸಿಲು, ರಾತ್ರಿ ತಂಪು. ಮೋಟಾರ್ ಓಡಿದಾಗ ಬಿಸಿ, ನಿಂತಾಗ ತಂಪು. ಬೆಸುಗೆಯನ್ನು ದಿನವೂ ಹೀಗೆ ಬಗ್ಗಿಸಿದಂತೆ. ಒಳ್ಳೆಯ ಬೆಸುಗೆ ಸಾವಿರಾರು ಸಲ ತಾಳುತ್ತದೆ. ಅರೆಬರೆ ಬೆಸುಗೆಗೆ ಕೆಲವೇ ಸಲ ಸಾಕು.

ಸ್ಕ್ರೀನಿಂಗ್‌ನಲ್ಲಿ ಇದನ್ನೇ ಬೇಗಬೇಗ ಮಾಡುತ್ತಾರೆ. ಬೀರುವಿನಷ್ಟೋ ಕೋಣೆಯಷ್ಟೋ ದೊಡ್ಡದಾದ ಚೇಂಬರ್‌ನಲ್ಲಿ ಸಾಮಾನು ಇಟ್ಟು, ಸೊನ್ನೆಗಿಂತ ತುಂಬಾ ಕೆಳಗಿನ ಚಳಿಯಿಂದ ಬೇಸಿಗೆಯನ್ನೂ ಮೀರಿದ ಬಿಸಿಗೆ, ಮತ್ತೆ ಚಳಿಗೆ. ಎಷ್ಟು ಬಿಸಿ ಅನ್ನುವುದರ ಜೊತೆಗೆ ಎಷ್ಟು ಬೇಗ ಏರಿಳಿಯುತ್ತದೆ, ಎಷ್ಟು ಸಲ ಅನ್ನುವುದೂ ಇಲ್ಲಿ ಮುಖ್ಯ.

ಸುಮ್ನೆ ಒಂದೇ ಬಿಸಿಯಲ್ಲಿ ಗಂಟೆಗಟ್ಟಲೆ ಓಡಿಸುವುದು ಇನ್ನೊಂದು ಬಗೆ. ಅದು ಬರ್ನ್-ಇನ್. ಅಲ್ಲಿ ಕೆಲಸ ಮಾಡುವುದು ರಸಾಯನ. ಬಿಸಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಯ ವೇಗ ಹೇಗೆ ಏರುತ್ತದೆ ಎಂಬುದಕ್ಕೆ ಸ್ವೀಡನ್ನಿನ ಅರೇನಿಯಸ್ 1889ರಲ್ಲೇ ಸೂತ್ರ ಕೊಟ್ಟಿದ್ದ. ಅದರಿಂದ ಬಂದ ಕೈಲೆಕ್ಕ ಇದು: 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಎಲ್ಲಕ್ಕೂ ಹೊಂದುವುದಿಲ್ಲ, ಆದರೆ ಕರೆಂಟನ್ನು ಕೂಡಿಟ್ಟು ಕೊಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಂಬ ಬಿಡಿಭಾಗಕ್ಕೆ ಚೆನ್ನಾಗಿ ಹೊಂದುತ್ತದೆ. ‘105 ಡಿಗ್ರಿ, 2000 ಗಂಟೆ’ ಎಂದು ಬರೆದ ಕೆಪಾಸಿಟರ್ 65 ಡಿಗ್ರಿಯಲ್ಲಿ ಸುಮಾರು 32,000 ಗಂಟೆ ಬರುತ್ತದೆ, ಅಂದರೆ ಮೂರೂವರೆ ವರ್ಷಕ್ಕಿಂತ ಸ್ವಲ್ಪ ಜಾಸ್ತಿ. 75 ಡಿಗ್ರಿಯಾದರೆ ಅದರ ಅರ್ಧ. ಗಾಳಿಯಾಡದ ಡೂಮ್ ಒಳಗೆ ಎಲ್‌ಇಡಿ ಬಲ್ಬು ಬೇಗ ಹೋಗುವುದಕ್ಕೆ ಇದೂ ಒಂದು ಕಾರಣ.

ಕೆಂಪು ಬಸ್ಸಿನ ಕಿಟಕಿ

ಕೆಎಸ್‌ಆರ್‌ಟಿಸಿ ಕೆಂಪು ಬಸ್ಸಿನಲ್ಲಿ ಗಮನಿಸಿರುತ್ತೀರಿ. ಒಂದು ವೇಗಕ್ಕೆ ಬಂದಾಗ ಒಂದು ಕಿಟಕಿ ಗಾಜು ಗಡಗಡ ಶುರು ಮಾಡುತ್ತದೆ. ಗೇರ್ ಬದಲಿಸಿದರೆ ಅದು ಸುಮ್ಮನಾಗಿ ಮೇಲಿನ ಕಂಬಿ ಹಾಡುತ್ತದೆ. ಪ್ರತಿ ವಸ್ತುವಿಗೂ ತನ್ನದೇ ಒಂದು ತಾಳ ಇರುತ್ತದೆ. ಆ ತಾಳ ಸಿಕ್ಕಿದಾಗ ಮಾತ್ರ ಅದು ಜೋರಾಗಿ ಕುಣಿಯುತ್ತದೆ. ಬೋರ್ಡಿನ ಮೇಲಿನ ಬಿಡಿಭಾಗಗಳಿಗೂ ಹೀಗೇ.

ಹಳೆಯ ಕಾಲದ ಕುಲುಕು ಪರೀಕ್ಷೆ ಒಂದೇ ತಾಳದ್ದು. ಅಮೆರಿಕದ ಸೈನ್ಯ ಬಹಳ ಕಾಲ ಬಳಸಿದ ವಿಧಾನದಲ್ಲಿ, ಗುರುತ್ವದ 2.2 ಪಟ್ಟು ಬಲದಲ್ಲಿ ಒಂದೇ ಆವರ್ತನದ ಅಲುಗಾಟ ಕೊಡುತ್ತಿದ್ದರು. ಆ ತಾಳಕ್ಕೆ ಕುಣಿಯದ ಭಾಗಗಳಿಗೆ ಅದು ತೊಟ್ಟಿಲು ತೂಗಿದ ಹಾಗೆ. ಆಮೇಲೆ ಬಂದದ್ದು ರ‍್ಯಾಂಡಮ್ ವೈಬ್ರೇಶನ್. ಸೆಕೆಂಡಿಗೆ 20ರಿಂದ 2000 ಸಲದವರೆಗಿನ ಎಲ್ಲಾ ತಾಳಗಳನ್ನೂ ಕಲಸಿ ಒಟ್ಟಿಗೇ ಕೊಡುವುದು. ಗುಂಡಿ ಬಿದ್ದ ರಸ್ತೆಯಲ್ಲಿ ಆಗುವುದೂ ಇದೇ ಅಲ್ವಾ?

1979ರ ಒಂದು ಪುಸ್ತಿಕೆ

ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋದ ರೇಡಿಯೊ, ರೇಡಾರ್‌ಗಳು ತೇವ, ಬೂಷ್ಟು, ಕುಲುಕಾಟಗಳಿಗೆ ಸಿಕ್ಕಿ ಕೆಡತೊಡಗಿದಾಗಲೇ ಈ ಚಿಂತೆ ಶುರುವಾಗಿತ್ತು. 1952ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮತ್ತು ಕಂಪನಿಗಳು ಸೇರಿ ‘ಅಗ್ರೀ’ ಎಂಬ ತಜ್ಞರ ಗುಂಪು ಮಾಡಿದವು. 1957ರ ಅದರ ವರದಿ, ಸಾಮಾನನ್ನು ಬಿಸಿ, ಚಳಿ, ಅಲುಗಾಟಗಳಲ್ಲಿ ಓಡಿಸಿ ನೋಡುವುದನ್ನು ಪದ್ಧತಿಯಾಗಿಸಿತು.

ಒಂದೊಂದು ಪೀಸನ್ನೂ ಮೊರಕ್ಕೆ ಹಾಕುವ ಕೆಲಸಕ್ಕೆ ಗಟ್ಟಿ ತಳಪಾಯ ಹಾಕಿದ್ದು ಅಮೆರಿಕದ ನೌಕಾಪಡೆ. ನಡುಸಮುದ್ರದಲ್ಲಿ ರಿಪೇರಿ ಅಂಗಡಿ ಇಲ್ಲವಲ್ಲ! ನಾಸಾದ ಅಪೊಲೊ ಯೋಜನೆಯಲ್ಲಿ ವಿಶ್ವಾಸಾರ್ಹತೆಯ ಹೊಣೆ ಹೊತ್ತಿದ್ದ ವಿಲ್ಲಿಸ್ ವಿಲ್ಲೋಬಿ ಆಗ ನೌಕಾಪಡೆಯಲ್ಲಿದ್ದರು. 1979ರ ಮೇ ತಿಂಗಳಲ್ಲಿ ‘ನಾವ್‌ಮ್ಯಾಟ್ ಪಿ-9492’ ಎಂಬ ತೆಳ್ಳನೆಯ ಕೈಪಿಡಿ ಬಂತು. ಅದರ ಲೆಕ್ಕ ಸರಳ. ಸುಮಾರು 100 ಬಿಡಿಭಾಗಗಳ ಸಾಮಾನಿಗೆ ಒಂದು ಸಲ ಬಿಸಿ-ಚಳಿ ಸುತ್ತು ಸಾಕು. 500 ಭಾಗಗಳಿದ್ದರೆ ಮೂರು, 2000 ಇದ್ದರೆ ಆರು, 4000 ಇದ್ದರೆ ಹತ್ತು. ಕೊನೆಯ ಸುತ್ತು ಒಂದೂ ತಪ್ಪಿಲ್ಲದೆ ಮುಗಿಯಬೇಕು. ಜೊತೆಗೆ ಹತ್ತು ನಿಮಿಷದಷ್ಟು ರ‍್ಯಾಂಡಮ್ ಕುಲುಕಾಟ. ಭಾಗ ಹೆಚ್ಚಿದಷ್ಟೂ ಬೆಸುಗೆ ಹೆಚ್ಚು, ಬೆಸುಗೆ ಹೆಚ್ಚಿದಷ್ಟೂ ಕಲ್ಲು ಸಿಗುವ ಸಾಧ್ಯತೆ ಹೆಚ್ಚು. ಅಷ್ಟೇ ತರ್ಕ.

ನಮ್ಮ ಸೈನ್ಯಕ್ಕೂ ಇಂಥ ಪರೀಕ್ಷೆಗಳ ಗ್ರಂಥ ಇದೆ, ಜೆಎಸ್‌ಎಸ್ 55555. ಮೈಸೂರಿನವರು ಸುತ್ತೂರು ಮಠದ ಕಾಲೇಜು ಅಂದುಕೊಳ್ಳಬೇಡಿ, ಇದು ಜಾಯಿಂಟ್ ಸರ್ವಿಸಸ್ ಸ್ಪೆಸಿಫಿಕೇಶನ್. ಸಿಯಾಚಿನ್ ಚಳಿಗೂ ರಾಜಸ್ಥಾನದ ಮರಳಿಗೂ ಹೋಗುವ ಸಾಮಾನು ಮಾಡುವವರಿಗೆ ಇದು ಚಿರಪರಿಚಿತ. ಬೆಂಗಳೂರಿನಲ್ಲಿ ಇಸ್ರೋ ತನ್ನ ಉಪಗ್ರಹಗಳನ್ನು ಗಾಳಿ ತೆಗೆದ ದೊಡ್ಡ ಚೇಂಬರ್‌ಗಳಲ್ಲಿ ಬಿಸಿ-ಚಳಿಗೆ ಒಡ್ಡುತ್ತದೆ. ಉಡಾವಣೆಯಾದ ಮೇಲೆ ‘ಪೀಸ್ ಸರಿ ಇರ್ಲಿಲ್ಲ’ ಅಂತ ಬದಲಿಸಿ ಕೊಡುವ ಅಂಗಡಿ ಮೇಲೆ ಇಲ್ಲ.

ಆನ್ ಮಾಡಿಟ್ಟೇ ನೋಡಬೇಕು

ಮೆಕ್ಯಾನಿಕ್ ಹತ್ತಿರ ಹೋದ ತಕ್ಷಣ ಗಾಡಿಯ ಸದ್ದು ನಿಂತುಹೋಗುವುದು ಎಲ್ಲರಿಗೂ ಗೊತ್ತು. ಎಲೆಕ್ಟ್ರಾನಿಕ್ಸ್‌ನಲ್ಲೂ ಅಂಥ ತಪ್ಪುಗಳಿವೆ. ಬಿರುಕು ಬಿಸಿಯಲ್ಲಿ ಬಾಯಿ ಬಿಡುತ್ತದೆ, ತಣ್ಣಗಾದರೆ ಮುಚ್ಚಿಕೊಳ್ಳುತ್ತದೆ. ಸಾಮಾನನ್ನು ಆಫ್ ಮಾಡಿ ಕಾಯಿಸಿ, ಹೊರಗೆ ತೆಗೆದು, ತಣ್ಣಗಾದ ಮೇಲೆ ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದ್ದರಿಂದ ಕಾಯಿಸುವಾಗ, ಕುಲುಕುವಾಗ ಅದು ಓಡುತ್ತಲೇ ಇರಬೇಕು, ಪಕ್ಕದಲ್ಲಿ ಕಂಪ್ಯೂಟರ್ ಕ್ಷಣಕ್ಷಣಕ್ಕೂ ಅದನ್ನು ಮಾತಾಡಿಸುತ್ತಲೇ ಇರಬೇಕು.

ಆನ್-ಆಫ್ ಮಾಡುವುದೇ ಒಂದು ಹಿಂಸೆ ಎಂಬುದಕ್ಕೆ ದುಬಾರಿ ಉದಾಹರಣೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360. ಮೂರು ಕೆಂಪು ದೀಪ ಹತ್ತಿ ಸಾಯುತ್ತಿದ್ದ ಆ ಗೇಮ್ ಪೆಟ್ಟಿಗೆಗಳಿಗಾಗಿ ಕಂಪನಿ 2007ರ ಜುಲೈಯಲ್ಲಿ ವಾರಂಟಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಎಷ್ಟೋ ವರ್ಷದ ಮೇಲೆ, 2021ರಲ್ಲಿ, ಅಲ್ಲಿನ ಎಂಜಿನಿಯರುಗಳೇ ಕಾರಣ ಹೇಳಿದರು. ಆನ್ ಮಾಡಿದಾಗ ಬಿಸಿ, ಆಫ್ ಮಾಡಿದಾಗ ತಂಪು, ಹೀಗೆ ಆಗಿ ಆಗಿ ಚಿಪ್ಪಿನ ಪ್ಯಾಕೇಜಿನ ಒಳಗಿನ ಜೋಡಣೆಗಳು ಮುರಿಯುತ್ತಿದ್ದವು. ಮತ್ತೆ ಅದೇ ತಂತಿ ಬಗ್ಗಿಸುವ ಕಥೆ. ಇಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಕಲ್ಲಲ್ಲ, ಅನ್ನವೇ ಬೆಂದಿರಲಿಲ್ಲ.

ಎಷ್ಟು ಕುಲುಕಿದರೆ ಸರಿ?

ಕಡಿಮೆಯಾದರೆ ದುರ್ಬಲ ಪೀಸ್ ಪಾಸಾಗುತ್ತದೆ. ಹೆಚ್ಚಾದರೆ ಒಳ್ಳೆಯದೂ ಹಾಳಾಗುತ್ತದೆ. ಹಾಗಾಗಿ ಮೊದಲು ಡಿಸೈನ್‌ನ ಮಿತಿ ತಿಳಿದಿರಬೇಕು. ಅದಕ್ಕೆ 1980ರ ದಶಕದಲ್ಲಿ ಗ್ರೆಗ್ ಹಾಬ್ಸ್ ಎಂಬ ಎಂಜಿನಿಯರ್ ಬೆಳೆಸಿದ ದಾರಿ ‘ಹಾಲ್ಟ್’. ಕೆಲವು ಪೀಸ್ ತೆಗೆದುಕೊಂಡು ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಹೋಗುವುದು. ಎಲ್ಲಿ ಕೆಲಸ ನಿಲ್ಲಿಸಿತು, ಎಲ್ಲಿ ಪೂರ್ತಿ ಸತ್ತಿತು ಎಂದು ಬರೆದುಕೊಳ್ಳುವುದು. ಚಳಿಗೂ ಕುಲುಕಾಟಕ್ಕೂ ಹೀಗೇ. ಇಲ್ಲಿ ಪಾಸು-ಫೇಲು ಇಲ್ಲ, ಮುರಿಯುವುದೇ ಉದ್ದೇಶ. ಮೊದಲು ಮುರಿದದ್ದನ್ನು ಗಟ್ಟಿ ಮಾಡಿ, ಮತ್ತೆ ಏರಿಸುತ್ತಾರೆ. ಆಮೇಲೆ ಆ ಮಿತಿಗಿಂತ ಒಳಗೆ ಮಾರಾಟದ ಪೀಸ್‌ಗಳ ಸ್ಕ್ರೀನಿಂಗ್.

ಮಳೆ ಒಳಗೆ ಬರುವ ಬಗೆ

ನೀರಿನ ಕಥೆ ಬೇರೆ, ಅದು ನಿಧಾನದ ಕಳ್ಳ. ಬಿಸಿಲಿಗೆ ಪೆಟ್ಟಿಗೆಯ ಒಳಗಿನ ಗಾಳಿ 60 ಡಿಗ್ರಿಗೆ ಕಾದಿದೆ ಎಂದುಕೊಳ್ಳಿ. ದಿಢೀರ್ ಮಳೆ ಬಂದು 25ಕ್ಕೆ ಇಳಿಯಿತು. ಬಿಗಿಯಾಗಿ ಮುಚ್ಚಿದ್ದರೆ ಒಳಗಿನ ಒತ್ತಡ ಶೇ. 10ರಷ್ಟು ಬೀಳುತ್ತದೆ. ರಬ್ಬರ್ ಅಂಚಿನಲ್ಲಿ ನಿಂತ ನೀರನ್ನು ಪೆಟ್ಟಿಗೆಯೇ ಒಳಕ್ಕೆ ಹೀರುತ್ತದೆ. ಐಪಿ67 ಎಂಬ ಗುರುತಿದ್ದರೆ ಧೂಳು ಒಳಹೋಗುವುದಿಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ತಾಳಿದೆ ಎಂದರ್ಥ. ಆದರೆ ಆ ಪರೀಕ್ಷೆ ಮಾಡಿದ್ದು ಹೊಸ ರಬ್ಬರಿನ ಮೇಲೆ. ಐದು ಬೇಸಿಗೆ ಕಂಡ ರಬ್ಬರಿನ ಮೇಲಲ್ಲ.

ಮಂಗಳೂರು, ಕಾರವಾರದ ಕಡೆಯವರಿಗೆ ಉಪ್ಪುಗಾಳಿಯೂ ಸೇರುತ್ತದೆ. ಅದಕ್ಕೆ ಶೇ. 5ರ ಉಪ್ಪುನೀರನ್ನು 35 ಡಿಗ್ರಿಯಲ್ಲಿ ಮಂಜಿನಂತೆ ಸಿಂಪಡಿಸುವ ಪರೀಕ್ಷೆ ಇದೆ. ಸೋಲಾರ್ ಪ್ಯಾನಲ್‌ಗಳನ್ನು 85 ಡಿಗ್ರಿ ಬಿಸಿ, ಶೇ. 85 ತೇವದಲ್ಲಿ 1000 ಗಂಟೆ ಇಡುತ್ತಾರೆ. ಇವೆಲ್ಲ ಅಗುಳು ಒತ್ತುವ ಜಾತಿಯವು. ಮಾರುವ ಪೀಸನ್ನು ಉಪ್ಪಿನಲ್ಲಿ ನೆನೆಸಿ ಕೊಡುವ ಹಾಗಿಲ್ಲವಲ್ಲ.

ಡಬ್ಬದ ಮೇಲಿನ ‘ಮಿಲಿಟರಿ ಗ್ರೇಡ್’

ಫೋನಿನ, ವಾಚಿನ ಡಬ್ಬದ ಮೇಲೆ ‘ಮಿಲ್-ಎಸ್‌ಟಿಡಿ-810’ ಎಂದು ಕಾಣುತ್ತದೆ. 1962ರಲ್ಲಿ ಮೊದಲು ಬಂದ ಅಮೆರಿಕದ ಸೈನ್ಯದ ಈ ಪುಸ್ತಕದಲ್ಲಿ ಹತ್ತಾರು ಪರೀಕ್ಷೆಗಳ ವಿಧಾನಗಳಿವೆ. ಯಾವುದನ್ನು ಮಾಡಬೇಕು, ಎಷ್ಟು ಮಾಡಬೇಕು ಎಂಬುದನ್ನು ಬಳಕೆಗೆ ತಕ್ಕಂತೆ ಆರಿಸಿಕೊಳ್ಳಬೇಕೆಂದು ಅದೇ ಹೇಳುತ್ತದೆ. ಗಿರಾಕಿ ಸಾಮಾನಿಗೆ ಸೈನ್ಯದವರು ಬಂದು ಮುದ್ರೆ ಒತ್ತುವುದಿಲ್ಲ. ಬರಹ ಸುಳ್ಳೆಂದಲ್ಲ, ಅರ್ಧ. ಯಾವ ಪರೀಕ್ಷೆ, ಎಷ್ಟು ಪೀಸ್ ಮೇಲೆ ಎಂದು ಕೇಳಿದರೆ ಉಳಿದರ್ಧ ಸಿಗುತ್ತದೆ. ‘ಮಾರುವ ಪ್ರತಿ ಪೀಸನ್ನೂ ಬಿಸಿ-ಚಳಿಯಲ್ಲಿ ಓಡಿಸುತ್ತೀರಾ?’ ಎಂಬ ಪ್ರಶ್ನೆ ಸೋಲಾರ್ ಇನ್ವರ್ಟರ್‌ನಂಥ ದೊಡ್ಡ ಖರೀದಿಯಲ್ಲಿ ಕೇಳಬೇಕಾದ್ದೇ.

ಸತ್ತ ಪೀಸ್ ಎಲ್ಲಿಗೆ ಹೋಗುತ್ತದೆ

ಚೇಂಬರ್‌ನಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಸಿಗುತ್ತಿದ್ದರೆ, ಆರಿಸುತ್ತಾ ಕೂರುವುದಕ್ಕಿಂತ ಅಕ್ಕಿ ಅಂಗಡಿ ಬದಲಿಸುವುದು ಮೇಲು. ಬೆಸುಗೆ ಯಂತ್ರದ ಬಿಸಿ ಸರಿ ಮಾಡಬೇಕು, ಇಲ್ಲವೇ ರಿಲೇ ಕೊಡುವವರನ್ನು ಬದಲಿಸಬೇಕು. ಹಾಗೆ ಸರಿಯಾಗಿ, ತಿಂಗಳುಗಟ್ಟಲೆ ಏನೂ ಸಿಗದಿದ್ದರೆ ಕೆಲವರು ಸ್ಕ್ರೀನಿಂಗ್ ಕಡಿಮೆ ಮಾಡಿ ಅಲ್ಲೊಂದು ಇಲ್ಲೊಂದು ಪೀಸ್ ಮಾತ್ರ ನೋಡುತ್ತಾರೆ. ಚೇಂಬರ್‌ಗೂ ಕರೆಂಟಿಗೂ ದುಡ್ಡು ಬೇಕು.

ಈ ತೀರ್ಮಾನಕ್ಕೆ ಫ್ಯಾಕ್ಟರಿಯ ಲೆಕ್ಕ ಮಾತ್ರ ಸಾಲದು. ಫೀಲ್ಡ್‌ನಲ್ಲಿ ಸತ್ತವು ವಾಪಸ್ ಬರಬೇಕು, ಯಾರಾದರೂ ಬಿಚ್ಚಿ ನೋಡಬೇಕು. ಬದಲಿ ಕೊಟ್ಟು ಕೈತೊಳೆದುಕೊಂಡರೆ ಕಂಪನಿಯ ಪುಸ್ತಕದಲ್ಲಿ ‘ಒಂದು ಪೀಸ್ ರಿಪ್ಲೇಸ್’ ಎಂದಷ್ಟೇ ಉಳಿಯುತ್ತದೆ.

ಸತ್ತಿದ್ದ ನಮ್ಮ ಮೊಬೈಲ್ ಸ್ಟಾರ್ಟರ್ ಆ ರಿಲೇಯ ಕಾಲಿಗೆ ಹೊಸ ಬೆಸುಗೆ ಹಾಕಿದ ಮೇಲೆ ಚೆನ್ನಾಗಿಯೇ ಓಡಿತು. ಬೇರೆ ಬೋರ್‌ವೆಲ್ ಇಲ್ಲ, ಅದಕ್ಕೇ ನನ್ನ ಮೇಜಿನ ಡ್ರಾಯರ್‌ನಲ್ಲಿದೆ. ನಾಲ್ಕು ವರ್ಷ ಆಯಿತು, ಅದನ್ನು ಯಾರೂ ಕೇಳಿಲ್ಲ.